ಹೊಸಬರಿಗೆ ಮಾರ್ಗದರ್ಶಿ: ಚಳಿಗಾಲದ ರಜೆಗೆ ಬೆಟ್ಟಕ್ಕೆ ಹೊರಡುವ ಮುಂಚೆ

ರಜೆ ಹತ್ತಿರ ಬಂತು ಅಂದರೆ ಸಂಘದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಮಕ್ಕಳು ಹಿಮ ನೋಡಬೇಕು ಅಂತ ಹಟ ಹಿಡಿದಿದ್ದಾರೆ, ಹೋಗಬಹುದಾ?" ಖಂಡಿತ ಹೋಗಿ. ಫೋನಿನಲ್ಲಿ ಸೂರ್ಯನ ಚಿತ್ರ ಕಂಡಿತು ಅಂತ ಮಾತ್ರ ಹೊರಡಬೇಡಿ. ಮೊದಲ ವರ್ಷ ನಾವು ಹಾಗೇ ಹೊರಟಿದ್ದೆವು.

ನಾವು ನೋಡಿದ್ದು ಬೆಟ್ಟದ ಬುಡದ ಊರಿನ ಹವಾಮಾನ. ಅಲ್ಲಿ 3 ಡಿಗ್ರಿ, ಒಳ್ಳೆ ಬಿಸಿಲು. ದಾಟಬೇಕಿದ್ದ ರಸ್ತೆ ಅದಕ್ಕಿಂತ 1,500 ಮೀಟರ್ ಮೇಲಿತ್ತು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಮೇಲೆ ಮೈನಸ್ 7ರ ಹತ್ತಿರ. ಶಾಲೆಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ಲೆಕ್ಕವೇ, ಸ್ಟೀರಿಂಗ್ ಹಿಡಿದಾಗ ನೆನಪಾಗಲಿಲ್ಲ. ಗಾಜು ತೊಳೆಯುವ ಡಬ್ಬಿಗೆ ಸುಮ್ನೆ ನಲ್ಲಿ ನೀರು ತುಂಬಿಸಿದ್ದೆ. ವೈಪರ್ ಆಡಿದ ಹಾಗೆಲ್ಲ ಅದು ಗಾಜಿನ ಮೇಲೇ ಗಟ್ಟಿಯಾಯಿತು. ನಾಲ್ಕು ಗಂಟೆ ರಸ್ತೆ ಬದಿಯಲ್ಲಿ ಕೂತೆವು. ಮಗಳು ನನ್ನ ಕಾಲುಚೀಲವನ್ನು ಕೈಗೆ ಹಾಕಿಕೊಂಡಿದ್ದಳು.

ಆದ್ದರಿಂದ ಊರಿನದಲ್ಲ, ದಾರಿಯ ಅತಿ ಎತ್ತರದ ಜಾಗದ ಮುನ್ಸೂಚನೆ ನೋಡಿ. ಸೊನ್ನೆ ಡಿಗ್ರಿ ಎಷ್ಟು ಎತ್ತರದಲ್ಲಿ ಅಂತಲೂ ಅದರಲ್ಲಿ ಇರುತ್ತದೆ. ಅದಕ್ಕಿಂತ ತುಂಬಾ ಕೆಳಗೆ ಮಳೆ, ಮೇಲೆ ಹಿಮ. ಗಾಳಿಯನ್ನು ಯಾರೂ ನೋಡುವುದಿಲ್ಲ, ಅಲ್ವಾ? ಮೈನಸ್ 10ರಲ್ಲಿ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಮೈನಸ್ 20ರ ಚಳಿ. ಎರಡು ಮೂರು ದಿನದ ಮುನ್ಸೂಚನೆಯನ್ನು ನಂಬಬಹುದು. ಹತ್ತು ದಿನ ಮುಂಚಿನದು ಬರೀ ಅಂದಾಜು, ಹೊರಡುವ ಬೆಳಗ್ಗೆ ಇನ್ನೊಮ್ಮೆ ನೋಡಿ. ಕೆಲವು ಸಲ ಲೆಕ್ಕ ತಲೆಕೆಳಗಾಗಿ ಕೆಳಗೆ ಮಂಜು ಕವಿದು ಕೊರೆಯುತ್ತದೆ, ಮೇಲೆ ಬೆಚ್ಚನೆ ಬಿಸಿಲಿರುತ್ತದೆ.

ಹಿಮಕುಸಿತದ ಎಚ್ಚರಿಕೆಯ ಮಟ್ಟ 1ರಿಂದ 5ರವರೆಗೆ, 5 ಅಂದರೆ ಅತಿ ಅಪಾಯ. 5ಕ್ಕೆ 3 ಅಂದರೆ ಅರವತ್ತು ಪರ್ಸೆಂಟ್, ಫಸ್ಟ್ ಕ್ಲಾಸ್ ಅನ್ನುವ ನಮ್ಮವರ ಜೋಕು ಇಲ್ಲಿ ಬೇಡ. 3ರ ದಿನವೇ ಎಷ್ಟೋ ಜನ ಸತ್ತಿದ್ದಾರೆ. ಗುರುತು ಹಾಕಿದ ದಾರಿ ಬಿಟ್ಟು ಫೋಟೋಗೆ ಅಂತ ಇಳಿಜಾರಿಗೆ ಹೋಗಲೇಬೇಡಿ.

ರಸ್ತೆ: ಸೇತುವೆ ಮತ್ತು ನೆರಳಿನ ತಿರುವು ಮೊದಲು ಹೆಪ್ಪುಗಟ್ಟುತ್ತವೆ. ಒದ್ದೆ ಥರ ಕಾಣುತ್ತದೆ, ಅದು ಐಸ್. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇರುವ ಗಾಡಿ ಹತ್ತುವುದಕ್ಕೆ ಸರಿ, ಬ್ರೇಕಿಗೆ ಉಪಯೋಗವಿಲ್ಲ. ಸಿಕ್ಕಿಹಾಕಿಕೊಂಡರೆ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯದೆ ಎಂಜಿನ್ ಹಚ್ಚಬೇಡಿ, ವಿಷಗಾಳಿ ಒಳಗೆ ಬರುತ್ತದೆ.

ಗಾಡಿಯಲ್ಲಿ ಇರಲಿ:
- ಕಂಬಳಿ, ಟಾರ್ಚ್, ಕುಡಿಯುವ ನೀರು
- ಸಲಿಕೆ, ಟೈರ್ ಚೈನು (ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಸುತ್ತುವ ಸರಪಳಿ)
- ಒಂದು ಜೊತೆ ಜಾಸ್ತಿ ಕೈಗವಸು, ಕಾಲುಚೀಲ (ಹತ್ತಿಯದು ಬೇಡ, ಒದ್ದೆಯಾದರೆ ಒಣಗಲ್ಲ)
- ಕಪ್ಪು ಕನ್ನಡಕ
- ಫೋನ್ ಚಾರ್ಜರ್, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ

ಮುನ್ಸೂಚನೆ ಕೆಟ್ಟರೂ "ರೂಮಿಗೆ ದುಡ್ಡು ಕಟ್ಟಿಯಾಗಿದೆ" ಅಂತ ಹೊರಡುವವರು ಪ್ರತಿ ವರ್ಷ ಇರುತ್ತಾರೆ. ದಯವಿಟ್ಟು ನೀವಾಗಬೇಡಿ. ಸಂಘದಲ್ಲಿ ಎರಡು ಜೊತೆ ಚೈನಿವೆ. ಬಂದು ಕೇಳಿ, ಹಾಕುವುದನ್ನೂ ಕಲಿಸುತ್ತೇವೆ. ತೊಳೆದು, ಒರೆಸಿ ವಾಪಸ್ ಕೊಡಿ. ಕಳೆದ ವರ್ಷ ಒಂದು ಜೊತೆ ತುಕ್ಕು ಹಿಡಿದು ಬಂತು.