ಟೊಮೆಟೊ ಅಗ್ಗವಾದ ವಾರ ಬಾಟಲಿ ತುಂಬಿಡಿ

ಕೋಲಾರದ ಟೊಮೆಟೊ ದರವನ್ನು ನಂಬುವಂತಿಲ್ಲ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಇನ್ನು ಕೆಲವು ಸಲ ಕೀಳುವ ಕೂಲಿಯೂ ಹುಟ್ಟದೆ ರೈತರು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದರ ಬಿದ್ದ ವಾರ ಒಂದು ಬಾಕ್ಸ್ ಮನೆಗೆ ತನ್ನಿ. ಬೇಯಿಸಿ ಬಾಟಲಿಗೆ ತುಂಬಿಟ್ಟರೆ ತಿಂಗಳುಗಟ್ಟಲೆ ಸಾರು ಮಾಡಲು ಆಗುತ್ತದೆ.

ತುಂಬಿಟ್ಟಿದ್ದರಲ್ಲಿ ಸತ್ವ ಇರಲ್ಲ ಅಲ್ವಾ ಅಂತ ಕೇಳುವವರು ಜಾಸ್ತಿ. ಅದು ಅರ್ಧ ನಿಜ. ಕುದಿಸಿದರೆ ವಿಟಮಿನ್ ಸಿ ಕಡಿಮೆಯಾಗುತ್ತದೆ. ಆದರೆ ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಬೇಯಿಸಿದ ಮೇಲೆ ದೇಹಕ್ಕೆ ಇನ್ನೂ ಚೆನ್ನಾಗಿ ಸೇರುತ್ತದೆ. ಕೋಸಂಬರಿಗೆ ತಾಜಾ ಹಣ್ಣೇ ಬೇಕು. ಸಾರು, ಗೊಜ್ಜಿಗೆ ಬಾಟಲಿಯದ್ದು ಧಾರಾಳವಾಗಿ ಸಾಕು.

ಈ ವಿದ್ಯೆ ಬೆಳೆದಿದ್ದೇ ಸೈನಿಕರ ಊಟಕ್ಕಾಗಿ. ಫ್ರಾನ್ಸಿನ ಮಿಠಾಯಿ ತಯಾರಕ ನಿಕೊಲಾ ಅಪೆರ್ ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಲ್ಲಿಟ್ಟ. ಅಲ್ಲಿನ ನೌಕಾಪಡೆ ಪರೀಕ್ಷಿಸಿ ನೋಡಿತು. 1810ರಲ್ಲಿ ಸರ್ಕಾರ 12,000 ಫ್ರಾಂಕ್ ಕೊಟ್ಟಿತು. ನಮ್ಮ ಸೈನಿಕರಿಗಾಗಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ಇದೇ ಕೆಲಸದಲ್ಲಿದೆ. ಪುಲಾವ್‌ನಂಥ ಅಡುಗೆಯನ್ನು ಪೊಟ್ಟಣದಲ್ಲಿ ಸೀಲ್ ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಬಿಸಿ ಮಾಡುತ್ತಾರೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ.

ಮನೆಯ ಪಾತ್ರೆಯಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಅದಕ್ಕೇ ಇಲ್ಲಿ ಹುಳಿಯ ಸಹಾಯ ಬೇಕು. ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಗಾಳಿಯಿಲ್ಲದ ಬಾಟಲಿಯಲ್ಲಿ ಬೆಳೆದು ವಿಷ ಮಾಡುತ್ತವೆ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ, ಅಂದರೆ ಹುಳಿ ಸಾಕಷ್ಟಿದ್ದರೆ ಬೆಳೆಯುವುದಿಲ್ಲ. ಟೊಮೆಟೊ ಸರಿಯಾಗಿ ಈ ಗಡಿಯಲ್ಲೇ ಇದೆ. ನಾಲಿಗೆಗೆ ಹುಳಿ ಅನಿಸಿದರೂ ನಂಬಬೇಡಿ, ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಹಾಕಲೇಬೇಕು.

ಈಗ ಕೆಲಸ. ಗಟ್ಟಿಯಾದ, ಗಾಯವಿಲ್ಲದ ಹಣ್ಣು ಆರಿಸಿ. ಕೊಳೆತ ಭಾಗ ಕತ್ತರಿಸಿ ಉಳಿದದ್ದು ಬಳಸುವ ಆಸೆ ಬೇಡ. ಕುದಿಯುವ ನೀರಿಗೆ ಹಾಕಿ, ಸಿಪ್ಪೆ ಬಿರಿದ ತಕ್ಷಣ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ತೊಟ್ಟಿನ ಭಾಗ ತೆಗೆದು, ಹಿಚುಕಿ, ಐದು ನಿಮಿಷ ಕುದಿಸಿ. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಯಾವುದೂ ಬೇಡ. ಅವು ಸೇರಿದರೆ ಹುಳಿಯ ಲೆಕ್ಕ ಕೆಡುತ್ತದೆ.

ಒಳಗೆ ರಬ್ಬರಿನಂಥ ಅಂಚಿರುವ ತಗಡಿನ ಹೊಸ ಮುಚ್ಚಳ, ದಪ್ಪ ಗಾಜಿನ ಬಾಟಲಿ ಬೇಕು. ಬಾಟಲಿಯನ್ನು ಬಿಸಿ ನೀರಲ್ಲಿಟ್ಟಿರಿ. ತಣ್ಣಗಿದ್ದರೆ ಬಿಸಿ ರಸ ಬಿದ್ದೊಡನೆ ಸೀಳುತ್ತದೆ. ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು ಹಾಕಿ ಬಿಸಿ ರಸ ತುಂಬಿ. ಮೇಲೆ ಅರ್ಧ ಇಂಚು ಖಾಲಿ ಬಿಡಿ. ಚಮಚದ ಹಿಡಿ ಆಡಿಸಿ ಗುಳ್ಳೆ ಬಿಡಿಸಿ. ಬಾಯಿ ಒರೆಸಿ ಮುಚ್ಚಳ ಹಾಕಿ.

ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಬಾಟಲಿ ನಿಲ್ಲಿಸಿ. ಮುಚ್ಚಳದ ಮೇಲೆ ಒಂದು ಇಂಚು ಬಿಸಿ ನೀರು ನಿಲ್ಲಬೇಕು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 45 ನಿಮಿಷ ಎಣಿಸಿ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮಂಗಳೂರಿನವರಿಗಿಂತ ನಾವು ಹೆಚ್ಚು ಹೊತ್ತು ಕುದಿಸಬೇಕು, 45 ನಿಮಿಷದಲ್ಲಿ ಅದೂ ಸೇರಿದೆ. ಗ್ಯಾಸ್ ಉಳಿಸಲು ಇದನ್ನು ಕಡಿಮೆ ಮಾಡಬೇಡಿ.

ಬಾಟಲಿ ತೆಗೆದು ಬಟ್ಟೆಯ ಮೇಲೆ ಸುಮ್ನೆ ಬಿಡಿ. ಆರುತ್ತಾ ಮುಚ್ಚಳದ ನಡುಭಾಗ ಟಕ್ ಅಂತ ಒಳಗೆ ಎಳೆದುಕೊಳ್ಳುತ್ತದೆ. ಮಾರನೇ ದಿನ ಬೆರಳಿಂದ ಒತ್ತಿ ನೋಡಿ. ಎದ್ದು ಕೂತರೆ ಸೀಲ್ ಆಗಿಲ್ಲ. ಅದನ್ನು ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಉಳಿದವನ್ನು ತಾರೀಖು ಬರೆದು ಬೆಳಕು ಬೀಳದ ಕಡೆ ಇಡಿ. ವರ್ಷದೊಳಗೆ ಬಳಸಿ.

ಹುರುಳಿಕಾಯಿ, ಕ್ಯಾರೆಟ್, ಅವರೆಕಾಳನ್ನು ಹೀಗೆ ತುಂಬಲೇಬೇಡಿ. ಅವುಗಳಲ್ಲಿ ಹುಳಿ ಇಲ್ಲ. ಮುಚ್ಚಳ ಉಬ್ಬಿದ ಅಥವಾ ತೆರೆದಾಗ ನೊರೆ ಉಕ್ಕಿದ ಬಾಟಲಿಯನ್ನು ರುಚಿ ನೋಡದೆ ಎಸೆಯಿರಿ. ಬಾಟುಲಿನಮ್ ವಿಷಕ್ಕೆ ವಾಸನೆಯೇ ಇಲ್ಲದಿರಬಹುದು.