ಐದೂವರೆ ಮನೆ ಶ್ರುತಿಯಲ್ಲಿ ರಾಕ್

ನನ್ನ ಅಮ್ಮ ಸುಗಮ ಸಂಗೀತದಲ್ಲಿ ದೊಡ್ಡ ಹೆಸರು. ಭಾವಗೀತೆಯ ಕ್ಯಾಸೆಟ್ ಇಟ್ಟುಕೊಂಡಿದ್ದ ಮನೆಗಳಲ್ಲಿ ಅವಳ ಧ್ವನಿ ಕೇಳಿದರೆ ಸಾಕು, ಗುರುತು ಹಿಡಿಯುತ್ತಾರೆ. ನಾನು ಹಾಡುವುದು ರಾಕ್, ಅದೂ ಕನ್ನಡದಲ್ಲಿ. ಮೊದಲ ಆಲ್ಬಂ ಬಂದಾಗಿನಿಂದ ಕೆಲವರು ರೆಕಾರ್ಡಿಂಗ್ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ, ಕೆಲವರು ಅಮ್ಮನ ಬಗ್ಗೆ ಕೇಳುತ್ತಾರೆ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹಾಗಾಗಿ ಕೂಡಿಸಿಯೇ ಬರೆಯುತ್ತಿದ್ದೇನೆ. ಅಮ್ಮನ ಹೆಸರನ್ನು ಆಲ್ಬಂ ಮೇಲೆ ಹಾಕಲಿಲ್ಲ, ಇಲ್ಲೂ ಹಾಕುವುದಿಲ್ಲ.

ಬೆಂಗಳೂರಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಎರಡೂ ಸಂಗೀತ ಒಂದೇ ಊರಲ್ಲಿ ಸಿಕ್ಕಿತು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೆಯಿತು. 2007ರಲ್ಲಿ ಅದೇ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂತು. ಮೊದಲನೆಯದಕ್ಕೆ ಅಮ್ಮನ ಜೊತೆ ಹೋಗಿದ್ದೆ, ಎರಡನೆಯದಕ್ಕೆ ಗೆಳೆಯರ ಜೊತೆ. ಆದರೆ ಆಗ ಊರಿನ ಬ್ಯಾಂಡ್‌ಗಳಲ್ಲಿ ಹೆಚ್ಚಿನವು ಹಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿದರು. ನಮ್ಮ ಭಾಷೆ ಡ್ರಮ್ಸ್ ಮುಂದೆಯೂ ನಿಲ್ಲುತ್ತದೆ ಅಂತ ನನಗೆ ಧೈರ್ಯ ಬಂದದ್ದು ಆಗಲೇ.

ಹೆಸರಾಂತ ಅಪ್ಪ ಅಮ್ಮಂದಿರ ಮಕ್ಕಳು ಮೊದಲ ಆಲ್ಬಂ ಹೇಗೆ ಮಾಡಿದರು ಅಂತ ಹುಡುಕಿ ಹುಡುಕಿ ಓದಿದ್ದೇನೆ. ಬೀಟಲ್ಸ್ ಬ್ಯಾಂಡ್‌ನ ಜಾನ್ ಲೆನನ್ ಅವರ ಮಗ ಜೂಲಿಯನ್ 1984ರಲ್ಲಿ ‘ವಲೋಟ್’ ತಂದಾಗ 21 ವರ್ಷದ ಹುಡುಗ. ಅಪ್ಪ ತೀರಿಕೊಂಡು ನಾಲ್ಕು ವರ್ಷವೂ ಆಗಿರಲಿಲ್ಲ. ಆಲ್ಬಂ ಚೆನ್ನಾಗಿಯೇ ಓಡಿತು, ಗ್ರ್ಯಾಮಿಗೂ ಹೆಸರು ಹೋಯಿತು. ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅಪ್ಪನ ಥರವೇ ಧ್ವನಿ. ಬಾಬ್ ಡಿಲನ್ ಅವರ ಮಗ ಜೇಕಬ್, ವಾಲ್‌ಫ್ಲವರ್ಸ್ ಅನ್ನುವ ಬ್ಯಾಂಡ್ ಹೆಸರಿನ ಹಿಂದೆ ನಿಂತ. 1992ರ ಮೊದಲ ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. 1996ರ ಎರಡನೆಯದು ಮನೆಮಾತಾಯಿತು. ಜೆಫ್ ಬಕ್ಲಿಯದು ಬೇರೆಯೇ ಕಥೆ. ಅವನಿಗೆ ಅಪ್ಪ ಟಿಮ್ ಬಕ್ಲಿಯ ಒಡನಾಟ ಸಿಕ್ಕಿದ್ದೇ ಎಂಟು ವರ್ಷದವನಿದ್ದಾಗ, ಅದೂ ಕೆಲವೇ ದಿನ. 1991ರಲ್ಲಿ ಬ್ರೂಕ್ಲಿನ್‌ನ ಒಂದು ಚರ್ಚಿನಲ್ಲಿ ಅಪ್ಪನ ನೆನಪಿನ ಕಾರ್ಯಕ್ರಮದಲ್ಲಿ ಹಾಡಿದ. ಆಮೇಲೆ ನ್ಯೂಯಾರ್ಕಿನ ಸಣ್ಣ ಕೆಫೆಯೊಂದರಲ್ಲಿ ಒಂದೇ ಗಿಟಾರ್ ಹಿಡಿದು ಹಾಡುತ್ತಾ ತನ್ನ ಧ್ವನಿ ಹದ ಮಾಡಿಕೊಂಡ. 1994ರಲ್ಲಿ ಅವನ ಮೊದಲ ಆಲ್ಬಂ ‘ಗ್ರೇಸ್’ ಬಂತು.

ನನಗೆ ಜಾಸ್ತಿ ಬಲ ಕೊಟ್ಟವನು ವೂಲ್ಫ್‌ಗ್ಯಾಂಗ್ ವ್ಯಾನ್ ಹೇಲನ್. ಅಪ್ಪ ಎಡ್ಡಿ ವ್ಯಾನ್ ಹೇಲನ್ ಜೊತೆ ಅಪ್ಪನ ಬ್ಯಾಂಡ್‌ನಲ್ಲೇ ಬಾಸ್ ನುಡಿಸಿದ ಹುಡುಗ ಅವನು. 2021ರಲ್ಲಿ ಬಂದ ತನ್ನ ಮೊದಲ ಆಲ್ಬಂನಲ್ಲಿ ಗಿಟಾರ್, ಬಾಸ್, ಡ್ರಮ್ಸ್, ಹಾಡು ಎಲ್ಲವನ್ನೂ ಒಬ್ಬನೇ ಮಾಡಿದ. ತನ್ನ ಬ್ಯಾಂಡ್‌ನ ಕಛೇರಿಗಳಲ್ಲಿ ಅಪ್ಪನ ಹಾಡು ನುಡಿಸುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟ. ಜನ ಎಷ್ಟು ಕೇಳಿದರೂ ಬಗ್ಗಲಿಲ್ಲ. ಅಪ್ಪನ ಮೇಲೆ ಅವನಿಗಿದ್ದ ಪ್ರೀತಿ ಎಲ್ಲರಿಗೂ ಗೊತ್ತು. ಆದರೂ ಹಾಗೆ ಹೇಳಿದ, ನೋಡಿ. ಅದು ನನಗೆ ತುಂಬ ಹಿಡಿಸಿತು.

ನನಗೂ ಅಂಥದ್ದೇ ಸಂದರ್ಭ ಬಂತು. ಅಮ್ಮನ ಜನಪ್ರಿಯ ಹಾಡುಗಳನ್ನೇ ರಾಕ್ ಮಾಡಿಕೊಡಿ, ನಾವು ತರುತ್ತೇವೆ ಅಂತ ಒಂದು ಕಂಪನಿಯವರು ಕೇಳಿದರು. ದುಡ್ಡೂ ಚೆನ್ನಾಗಿಯೇ ಇತ್ತು. ಒಪ್ಪಲಿಲ್ಲ. ಕಾರಣ ಎರಡು. ಹಕ್ಕುಗಳದ್ದು ಒಂದು. ಭಾವಗೀತೆ ಅಂದರೆ ಕವಿಯ ಸಾಹಿತ್ಯ, ಇನ್ನೊಬ್ಬರ ರಾಗ ಸಂಯೋಜನೆ, ಮತ್ತೊಬ್ಬರ ರೆಕಾರ್ಡಿಂಗ್. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು 1981ರಲ್ಲಿ ಹೋದರು, ಅವರ ಕವಿತೆಗೆ 2041ರವರೆಗೂ ಅನುಮತಿ ಬೇಕು. ಅಮ್ಮ ಹಾಡಿದ್ದಾಳೆ ಅನ್ನುವ ಮಾತ್ರಕ್ಕೆ ಅದು ನಮ್ಮ ಮನೆಯ ಸ್ವತ್ತಾಗುವುದಿಲ್ಲ, ಅಲ್ವಾ? ಎರಡನೆಯ ಕಾರಣ ಇನ್ನೂ ದೊಡ್ಡದು. ಇವಳು ಯಾರು ಅಂತ ಕೇಳುಗರು ತೀರ್ಮಾನಿಸುವುದು ಮೊದಲ ಆಲ್ಬಂನಲ್ಲೇ. ಅಲ್ಲಿ ಅಮ್ಮನ ಹಾಡು ಹಾಡಿದರೆ ಆಮೇಲೆ ಜೀವನಪೂರ್ತಿ ಅದನ್ನೇ ಕೇಳುತ್ತಾರೆ.

ಹಾಗಂತ ಅಮ್ಮನಿಂದ ಏನೂ ತೆಗೆದುಕೊಳ್ಳಬಾರದು ಅಂತಲ್ಲ. ಗಂಟಲು ಹುಟ್ಟಿನಿಂದ ಬಂದದ್ದು. ಅದನ್ನು ಮುಚ್ಚಿಡೋಕೆ ಆಗಲ್ಲ. ಧ್ವನಿಗೆ ಡಿಸ್ಟಾರ್ಷನ್ (ಧ್ವನಿಯನ್ನು ಒರಟಾಗಿ ಒಡೆಸುವ ಎಫೆಕ್ಟ್) ಹಾಕು, ಅಮ್ಮನ ಛಾಯೆ ಹೋಗುತ್ತದೆ ಅಂತ ಸಲಹೆ ಕೊಟ್ಟವರಿದ್ದರು. ನಾನು ಹಾಕಲಿಲ್ಲ. ಬಿಟ್ಟದ್ದು ಅಮ್ಮನ ಮುರ್ಕಿಗಳನ್ನು, ಅಂದರೆ ಸ್ವರಗಳ ಚಿಕ್ಕ ಚುರುಕು ಸುತ್ತುಗಳನ್ನು, ಸಾಲಿನ ಕೊನೆಯಲ್ಲಿ ಅವಳು ಮೆಲ್ಲಗೆ ಇಳಿಯುವ ರೀತಿಯನ್ನು. ಇಟ್ಟುಕೊಂಡದ್ದು ಎರಡು: ಶ್ರುತಿ ಮತ್ತು ಉಚ್ಚಾರ.

ಶ್ರುತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಮ್ಮ ಹಾಡುವುದು ಹಾರ್ಮೋನಿಯಂ ಲೆಕ್ಕದ ಐದೂವರೆ ಮನೆಯಲ್ಲಿ. ಪಾಶ್ಚಾತ್ಯ ಲೆಕ್ಕದಲ್ಲಿ ಜಿ ಶಾರ್ಪ್. ನನಗೂ ಅದೇ ಹೊಂದುತ್ತದೆ. ಆದರೆ ಮಾಮೂಲಿ ಟ್ಯೂನಿಂಗ್‌ನಲ್ಲಿ ಗಿಟಾರ್‌ಗೆ ಅದು ಒಗ್ಗದ ಜಾಗ, ಖಾಲಿ ತಂತಿ ಒಂದೂ ಆ ಸ್ವರಕ್ಕೆ ಸಿಗುವುದಿಲ್ಲ. ಮೊದಲನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಹಿಡಿದು ನುಡಿಸಬಹುದು. ಆದರೆ ಕೇಪೋ ಹಾಕಿದರೆ ಕೆಳಗಿನ ಸ್ವರಗಳ ಗುಂಯ್ ಅನ್ನುವ ನಾದ ಕಡಿಮೆಯಾಗುತ್ತದೆ, ರಾಕ್‌ಗೆ ಬೇಕಾದದ್ದೇ ಅದು. ಹಾಗಾಗಿ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿದೆವು. ಆಗ ಐದನೇ ತಂತಿ ಖಾಲಿ ಮೀಟಿದರೆ ನನ್ನ ಷಡ್ಜ, ಒಂದು ಸ್ಥಾಯಿ ಕೆಳಗೆ. ಆರನೇ ತಂತಿ ಮೀಟಿದರೆ ಅದರ ಕೆಳಗಿನ ಪಂಚಮ. ತಂಬೂರಿಯ ಪ, ಸ ಎರಡೂ ಗಿಟಾರ್‌ನಲ್ಲೇ ಕೂತಿವೆ! ಇಳಿಸಿದ ತಂತಿ ಸಡಿಲವಾಗುತ್ತದೆ, ಅದಕ್ಕೆ 11 ಗೇಜ್‌ನ ದಪ್ಪ ತಂತಿ ಹಾಕಿಕೊಂಡೆ. ಆಲ್ಬಂನ ಹೆಚ್ಚಿನ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಈ ಎರಡು ಖಾಲಿ ತಂತಿಗಳಿಂದಲೇ ಹುಟ್ಟಿದವು.

ಉಚ್ಚಾರದ ಕೆಲಸ ಇದಕ್ಕಿಂತ ಜಾಸ್ತಿ ಸಮಯ ತಿಂದಿತು. ಸುಗಮ ಸಂಗೀತದಲ್ಲಿ ಸಾಹಿತ್ಯ ಕೇಳಿಸದಿದ್ದರೆ ಹಾಡೇ ಇಲ್ಲ. ಆದರೆ ರಾಕ್ ಕೇಳಿ ಬೆಳೆದವರು ಕನ್ನಡಕ್ಕೆ ರಾಗ ಹಾಕಿದರೆ ಎಲ್ಲೆಂದರಲ್ಲಿ ಎಳೆಯುತ್ತಾರೆ. ನನ್ನ ಒಂದು ಹಾಡು ‘ಮಳೆ ನಿಂತ ಮೇಲೆ ನಮ್ಮ ಬೀದಿ’ ಅಂತ ಶುರುವಾಗುತ್ತದೆ. ಮೊದಲ ರಾಗದಲ್ಲಿ ಉದ್ದನೆಯ ಸ್ವರ ‘ಮ’ ಮೇಲೆ ಬೀಳುತ್ತಿತ್ತು. ಕೇಳಿದರೆ ‘ಮಾಳೆ’. ಅಮ್ಮನಿಗೆ ಫೋನಿನಲ್ಲಿ ಕೇಳಿಸಿದೆ.

“ಏನೇ ಅದು, ಮಾಲೆನಾ?” ಅಂದಳು.

“ಮಳೆ ಅಮ್ಮ.”

“ಹಾಗಾದ್ರೆ ಅಲ್ಲಿ ಯಾಕೆ ನಿಲ್ತೀಯ? ದೀರ್ಘ ಇರೋ ಕಡೆ ನಿಲ್ಲು. ಮುಂದೆ ‘ಬೀ’ ಇದೆಯಲ್ಲ.”

ಅಷ್ಟೇ ಹೇಳಿದ್ದು. ಕಾರ್ವೆಯನ್ನು, ಅಂದರೆ ಆ ಉದ್ದನೆಯ ಸ್ವರವನ್ನು, ‘ಬೀದಿ’ಯ ‘ಬೀ’ಗೆ ಸರಿಸಿದೆ. ರಾಗವೇ ಬದಲಾಯಿತು, ಅದೂ ಒಳ್ಳೆಯದಕ್ಕೇ ಆಯಿತು. ಅಲ್ಲಿಂದ ಮುಂದೆ ಪ್ರತಿ ಸಾಲನ್ನೂ ಮೊದಲು ಮಾತ್ರೆ ಎಣಿಸಿ ಓದಿದೆ. ಮೂರು ಮೂರು ಮಾತ್ರೆಯ ಸಾಲುಗಳನ್ನು ನಾಲ್ಕರ ಬೀಟ್‌ಗೆ ತುರುಕಲಿಲ್ಲ. ಭಾವಗೀತೆಯಲ್ಲಿ ತಬಲಾದವರು ಅವಕ್ಕೆ ಆರು ಮಾತ್ರೆಯ ದಾದ್ರಾ ತಾಳ ನುಡಿಸುತ್ತಾರೆ, ನಾವು ಡ್ರಮ್ಸ್‌ನಲ್ಲಿ 6/8 ಇಟ್ಟೆವು. ನಾಲ್ಕರ ಸಾಲುಗಳು ಸುಮ್ನೆ ಹಾಗೇ ಕೂತವು. ಐದರ ಗತಿಯಲ್ಲಿ, ಅಂದರೆ ಐದೈದು ಮಾತ್ರೆಯ ನಡೆಯಲ್ಲಿ, ಒಂದು ಹಾಡು ಇದೆ. ಡ್ರಮ್ಮರ್ ಅದನ್ನು ಇಷ್ಟಪಟ್ಟು ನುಡಿಸಿದ.

ಒತ್ತಕ್ಷರದ ಬಗ್ಗೆಯೂ ಒಂದು ಮಾತು. ‘ಕಲ್ಲು’, ‘ಹತ್ತಿ’, ‘ಎಚ್ಚರ’ ಇಂಥ ಪದಗಳಲ್ಲಿ ಒತ್ತಿನ ಜಾಗದಲ್ಲೇ ಸ್ನೇರ್ (ಡ್ರಮ್ಸ್‌ನಲ್ಲಿ ಚಟ್ ಅನ್ನುವ ಡ್ರಮ್) ಹೊಡೆದರೆ ಒತ್ತು ನುಂಗಿಹೋಗುತ್ತದೆ. ಸ್ನೇರ್ ಎರಡು ಮತ್ತು ನಾಲ್ಕನೇ ಏಟಿಗೆ ಬರುವುದು ಖಾಯಂ. ಹಾಗಾಗಿ ಪದವನ್ನೇ ಸ್ವಲ್ಪ ಮುಂಚೆ ಅಥವಾ ತಡವಾಗಿ ಎತ್ತಿಕೊಂಡೆ.

ರೆಕಾರ್ಡಿಂಗ್‌ನಲ್ಲಿ ವಿಶೇಷ ಏನಿಲ್ಲ. ಡ್ರಮ್ಸ್‌ಗೆ ಮಾತ್ರ ಸ್ಟುಡಿಯೋ ಬಾಡಿಗೆಗೆ ತೆಗೆದುಕೊಂಡೆವು. ಗಿಟಾರ್ ಮನೆಯಲ್ಲೇ, ಆಂಪ್ ಮುಂದೆ ಒಂದು ಎಸ್‌ಎಂ57 ಮೈಕ್ ಇಟ್ಟು. ಮಿಕ್ಸಿಂಗ್‌ನಲ್ಲಿ ಮಾತ್ರ ಹಟ ಹಿಡಿದೆ. ಪ್ರತಿ ಗಿಟಾರ್ ಭಾಗವನ್ನೂ ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಒಂದನ್ನು ಪೂರ್ತಿ ಬಲಕ್ಕೆ ಹಾಕಿ, ನಡುವಿನ ಜಾಗ ಧ್ವನಿಗೆ ಬಿಟ್ಟೆವು. ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ. ಡಿಸ್ಟಾರ್ಷನ್ ಗಿಟಾರ್ ಕಿರುಚುವುದೂ ಅಲ್ಲೇ. ನಾನು ಹಾಡುವಾಗ ಮಾತ್ರ ಗಿಟಾರನ್ನು ಆ ಜಾಗದಲ್ಲಿ ಎರಡು ಮೂರು ಡೆಸಿಬಲ್ ತಗ್ಗಿಸಿದೆವು. ಹಾಡು ನಿಂತ ಕೂಡಲೇ ವಾಪಸ್ ಏರಿಸಿದೆವು. ಗಿಟಾರಿಸ್ಟ್‌ಗೆ ಮೊದಲು ಬೇಜಾರಿತ್ತು. ಕೇಳಿದ ಮೇಲೆ ಒಪ್ಪಿದ, ಯಾಕೆಂದರೆ ಧ್ವನಿ ಇಲ್ಲದ ಕಡೆ ಅವನ ಗಿಟಾರ್ ಇನ್ನೂ ದೊಡ್ಡದಾಗಿ ಕೇಳುತ್ತಿತ್ತು.

ಬಿಡುಗಡೆಗೆ ಮುಂಚೆ ಡಿಸ್ಟ್ರಿಬ್ಯೂಟರ್‌ಗೆ ಕಳಿಸುವ ಫಾರಂ ಇರುತ್ತದೆ. ಕಲಾವಿದರು, ಸಾಹಿತ್ಯ, ಸಂಗೀತ ಎಲ್ಲ ತುಂಬಬೇಕು. ಪರಿಚಯದ ಸಾಲಿನಲ್ಲಿ ‘ಇಂಥವರ ಮಗಳು’ ಅಂತ ಬರೆದರೆ ಹುಡುಕಿದವರಿಗೆ ಬೇಗ ಸಿಗುತ್ತೀಯ ಅಂತ ಹೇಳಿದವರಿದ್ದಾರೆ. ಬರೆಯಲಿಲ್ಲ. ಪತ್ರಿಕೆಯವರು ಹೇಗೂ ಬರೆದರು, ಅದು ಅವರ ಕೆಲಸ. ಸಂದರ್ಶನದಲ್ಲಿ ಅಮ್ಮನ ಬಗ್ಗೆ ಕೇಳಿದರೆ ಸಂತೋಷವಾಗಿ ಮಾತಾಡುತ್ತೇನೆ. ನಾನು ಕಲಿತದ್ದು ಅವಳ ಪಕ್ಕ ಕೂತು, ಅದನ್ನು ಯಾಕೆ ಮುಚ್ಚಿಡಲಿ? ಮಾತು ಮುಗಿಯುವ ಮುಂಚೆ ಬ್ಯಾಂಡ್‌ನವರ ಹೆಸರು ಒಂದೊಂದಾಗಿ ಹೇಳುತ್ತೇನೆ. ಎಷ್ಟೋ ಸಲ ಅಚ್ಚಾಗುವಾಗ ಬಿಟ್ಟುಹೋಗುವುದು ಅವರ ಹೆಸರೇ.

ಕಛೇರಿಗಳಲ್ಲಿ ಈಗಲೂ ಯಾರಾದರೂ ಅಮ್ಮನ ಹಾಡು ಕೇಳುತ್ತಾರೆ, ಹೆಚ್ಚಾಗಿ ಹಿರಿಯರು. ಅವರಿಗೆ ಅಮ್ಮನ ಮುಂದಿನ ಕಾರ್ಯಕ್ರಮ ಎಲ್ಲಿ, ಯಾವತ್ತು ಅಂತ ಹೇಳುತ್ತೇನೆ. ಆಮೇಲೆ ಐದರ ಗತಿಯ ಹಾಡು ಶುರು ಮಾಡುತ್ತೇವೆ. ಅದಕ್ಕೆ ಚಪ್ಪಾಳೆ ಹಿಡಿದು ತಾಳ ಹಾಕೋಕೆ ಸಲೀಸಾಗಿ ಆಗುವುದು ಇದೇ ಹಿರಿಯರಿಗೆ, ಮುಂದಿನ ಸಾಲಿನ ಕಾಲೇಜು ಹುಡುಗರು ಅವರನ್ನು ನೋಡಿ ಹಿಡಿದುಕೊಳ್ಳುತ್ತಾರೆ. ಎರಡನೇ ಆಲ್ಬಂಗೆ ಅಂಥ ಇನ್ನೂ ಎರಡು ಹಾಡು ಕಟ್ಟುತ್ತಿದ್ದೇವೆ, ಒಂದು ಏಳರ ಗತಿಯಲ್ಲಿ.