ಕಾರಿನೊಳಗೆ ಸದ್ದು ಜಾಸ್ತಿನಾ? ಮೊದಲು ಟೇಪ್ ಹಚ್ಚಿ ನೋಡಿ

ಅಷ್ಟು ದುಬಾರಿ ಕಾರು, ಆದರೂ ಒಳಗೆ ಸದ್ದು ಅಂದರೆ ಸಿಟ್ಟು ಬರುತ್ತದೆ, ಅಲ್ವಾ? ಸದ್ದು ತಗ್ಗಿಸಲು ಅಂಟಿಸುವ ಡ್ಯಾಂಪಿಂಗ್ ಶೀಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ರಸ್ತೆ ಬದಲಾದ ಕೂಡಲೇ ಸದ್ದೂ ಬದಲಾದರೆ ಅದು ಟೈರಿನದ್ದು. ನುಣುಪು ರಸ್ತೆಯಲ್ಲೂ ವೇಗದ ಜೊತೆ ಏರುವ ಸಿಳ್ಳೆ ಗಾಳಿಯದ್ದು.

ಗಾಳಿಯದ್ದಾದರೆ ಮಾಸ್ಕಿಂಗ್ ಟೇಪ್ ತನ್ನಿ. ಬಾಗಿಲಿನ ಮೇಲಂಚು, ಕನ್ನಡಿಯ ಬುಡ, ವಿಂಡ್‌ಶೀಲ್ಡ್ ಪಕ್ಕದ ಪಟ್ಟಿ, ಸನ್‌ರೂಫ್ ಸುತ್ತ, ಹೀಗೆ ಎಲ್ಲಾ ಸಂದಿಗೂ ಹೊರಗಿನಿಂದ ಹಚ್ಚಿ ಒಂದು ಸುತ್ತು ಓಡಿಸಿ, ಆಮೇಲೆ ಒಂದೊಂದೇ ಪಟ್ಟಿ ಕಿತ್ತು ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮತ್ತೆ ಓಡಿಸಿ. ಯಾವುದನ್ನು ಕಿತ್ತಾಗ ಸಿಳ್ಳೆ ವಾಪಸ್ ಬಂತೋ ಕಳ್ಳ ಅಲ್ಲೇ ಇದ್ದಾನೆ. ಅದು ಬಾಗಿಲಾದರೆ ಅದರ ಸಂದಿಗೆ ಕಾಗದದ ಚೂರು ಸಿಕ್ಕಿಸಿ, ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸೀಲ್ ಚಪ್ಪಟೆಯಾಗಿದೆ, ಇಲ್ಲಾಂದ್ರೆ ಬಾಗಿಲೇ ಸರಿಯಾಗಿ ಕೂತಿಲ್ಲ. ಬರೀ ಒಣಗಿದ್ದರೆ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಮಾತ್ರ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಕಿಟಕಿ ಗಾಜು ಯಾವಾಗಲಾದರೂ ಬದಲಾಗಿದೆಯಾ? ಇಂಥ ದುಬಾರಿ ಕಾರುಗಳಲ್ಲಿ ಎಷ್ಟೋ ಸಲ ನಡುವೆ ಸದ್ದು ಹೀರುವ ಪದರ ಇರುವ ಲ್ಯಾಮಿನೇಟೆಡ್ ಗಾಜು ಇರುತ್ತದೆ. ಆ ಜಾಗಕ್ಕೆ ಸಾದಾ ಗಾಜು ಕೂರಿಸಿದ್ದರೆ ಎಷ್ಟು ಸೀಲ್ ಬದಲಿಸಿದರೂ ಮೊದಲಿನ ನಿಶ್ಶಬ್ದ ಬರುವುದಿಲ್ಲ.

ಟೈರಿನದ್ದಾದರೆ ಟ್ರೆಡ್ ಮೇಲೆ, ಅಂದರೆ ರಸ್ತೆಗೆ ತಾಗುವ ಭಾಗದ ಮೇಲೆ ಅಂಗೈ ಆಡಿಸಿ. ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಚಕ್ರಗಳ ಅಲೈನ್‌ಮೆಂಟ್, ಸಸ್ಪೆನ್ಷನ್ ಎರಡನ್ನೂ ತೋರಿಸಿ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಿನ ಪಕ್ಕ ಗಟ್ಟಿ, ಹಾಗಾಗಿ ಸದ್ದೂ ಜಾಸ್ತಿ ಒಳಗೆ ಬರುತ್ತದೆ. ಗಾಳಿಯ ಒತ್ತಡ ಕಂಪನಿ ಹೇಳಿದಷ್ಟೇ ಇರಲಿ.

ಇಷ್ಟಾದ ಮೇಲೂ ಶೀಟ್ ಅಂಟಿಸಲೇಬೇಕು ಅನಿಸಿದರೆ ಚಕ್ರದ ಮೇಲಿನ ಕಮಾನು, ಅಂದರೆ ವೀಲ್ ಆರ್ಚ್‌ನಿಂದ ಶುರು ಮಾಡಿ. ಬಾಗಿಲಿನ ತಳದ ನೀರು ಹೋಗುವ ತೂತು ಮುಚ್ಚಬೇಡಿ, ತುಕ್ಕು ಗ್ಯಾರಂಟಿ.